ಹುಲಗಪ್ಪ ಕೇಳದ ನೀರು

೧೯೬೦ರ ಸುಮಾರಿನ ಮಾತು. ಹುಬ್ಬಳ್ಳಿಯ ಒಂದು ಕಾರಖಾನೆಯಲ್ಲಿ ಉಳವಪ್ಪ ಮಿಸ್ತ್ರಿ ಗ್ಯಾಸಿನ ಉರಿಯಿಂದ ದಪ್ಪ ತಗಡು ಕೊಯ್ಯುತ್ತಿದ್ದ; ಕೊಯ್ದ ತುಂಡುಗಳನ್ನು ಕಂಬಿಗಳ ಮೇಜಿನಿಂದ ಕೆಳಗಿಳಿಸುವವನು ಬೆಂಗೇರಿಯ ಹುಲಗಪ್ಪ. ಇಳಿಸುವುದೇನು ಮಹಾ ಎನ್ನುವವರು ಒಮ್ಮೆ ಇಳಿಸಿ ನೋಡಬೇಕು. ಕೆಂಪಗಿರುವ ಕಬ್ಬಿಣಕ್ಕೆ ಕೂಸೂ ಹೆದರುತ್ತದೆ. ಕೈ ತಿನ್ನುವುದು ಕಪ್ಪಾದದ್ದು. ನೋಡಲಿಕ್ಕೆ ತಣ್ಣಗೆ, ಒಳಗೆ ಕೆಂಡ.

ಅದಕ್ಕೆ ಉಪಾಯ ಸರಳ. ನಾಲ್ಕು ಹನಿ ನೀರು ಚಿಮುಕಿಸಬೇಕು. ಚುರ್ ಎಂದರೆ ಇಕ್ಕಳ, ಸುಮ್ಮನಿದ್ದರೆ ಕೈ; ಎಲ್ಲಕ್ಕೂ ಇಕ್ಕಳವೇ ಎಂದರೆ ಕೆಲಸ ಸಾಗದು. ಆದರೆ ಅಲ್ಲಿದ್ದದ್ದು ಮಣ್ಣಿನ ಒಂದೇ ಹರವಿ, ಎಲ್ಲರೂ ಕುಡಿಯುವ ನೀರಿನದು. ಆ ‘ಎಲ್ಲರೂ’ ಎಂಬುದರಲ್ಲಿ ಹುಲಗಪ್ಪ ಇರಲಿಲ್ಲ. ಅವನ ಜಾತಿಯವರು ಮುಟ್ಟಿದರೆ ಹರವಿ ಮೈಲಿಗೆ. ಸ್ವಂತ ಡಬ್ಬಿ ಇಟ್ಟುಕೊಂಡರೂ ತುಂಬಲಿಕ್ಕೆ ಅವರನ್ನೇ ಕೇಳಬೇಕು. ಹೀಗಾಗಿ ಪ್ರತಿ ತಗಡಿಗೂ ಅವನದು ಅದೇ ಕೂಗು:

“ಯಪ್ಪಾ, ಒಂದೀಟ ನೀರ ಹಾಕ್ರಿ.”

ಉಳವಪ್ಪ ಮನಸ್ಸು ಬಂದಾಗ ಎದ್ದು ತಂಬಿಗೆಯಿಂದ ಸುರಿಯುತ್ತಿದ್ದ. “ದಿನಾ ನಿನ್ನ ಕಬ್ಬಿಣಕ್ಕ ಜಳಕಾ ಮಾಡ್ಸೋದ ಆತು ನಂದು!” ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಹುಲಗಪ್ಪನೂ ನಗುತ್ತಿದ್ದ. ಮನೆಯಲ್ಲಿ ದುಡಿಯುವವನು ಅವನೊಬ್ಬನೇ. ನಗದೆ ಏನು ಮಾಡಿಯಾನು?

ಒಂದು ಗಾಂಧಿ ಜಯಂತಿಗೆ ಮಾಲೀಕ ಬಿಂದುಮಾಧವರಾಯರು, ನಾವೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಭಾಷಣ ಮಾಡಿ ಪೇಡೆ ಹಂಚಿದರು. ಉಳಿದವರ ಕೈಗೆ ಇಟ್ಟರು. ಹುಲಗಪ್ಪನ ಅಂಗೈಗೆ ಮೇಲಿಂದ ಬಿಟ್ಟರು; ಅದು ತಪ್ಪಿ ನೆಲಕ್ಕೆ ಬಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಭಾಷಣ ಮುಗಿದದ್ದೇ ಎಲ್ಲರೂ ಕೆಲಸಕ್ಕೆ ಹತ್ತಿದರು.

ಇವತ್ತು ಮಾತ್ರ ನೀರು ಕೇಳುವುದಿಲ್ಲ ಎಂದು ಹುಲಗಪ್ಪ ಹಟ ಹಿಡಿದ. ಕಪ್ಪಾಗಿದ್ದ ಒಂದು ದೊಡ್ಡ ತುಂಡನ್ನು, ಆರಿದೆಯೆಂದೇ ನಂಬಿ, ಎರಡೂ ಕೈಯಿಂದ ಎತ್ತಿದ.

ಚರ್ಮ ಕಬ್ಬಿಣಕ್ಕೆ ಅಂಟಿತು. ಚೀರುತ್ತ ಓಡಿ ಕೈಗಳನ್ನು ಹರವಿಯಲ್ಲಿ ಅದ್ದಿದ.

“ಅಯ್ಯಯ್ಯ, ಹರವಿ ಮುಟ್ಟಿದ್ನಲ್ಲೋ!” ಎಂದು ಉಳವಪ್ಪ ಕೂಗಿದ.

ಕೈ ಏನಾಯಿತೆಂದು ಒಬ್ಬನೂ ಕೇಳಲಿಲ್ಲ. ಹರವಿಯನ್ನು ಕೋಲಿನಿಂದ ಒಡೆದರು. ಸಂಜೆಯೊಳಗೆ ಹೊಸದು ಬಂತು. ಹುಲಗಪ್ಪನ ಬೆರಳುಗಳು ಮಾತ್ರ ಮಾಯುತ್ತ ಮಾಯುತ್ತ ಒಳಕ್ಕೆ ಮಡಚಿಕೊಂಡವು.

ಒಂದು ದಿನ ರಾಯರೇ ಬೆಂಗೇರಿಗೆ ಬಂದು ಅಂಗಳದಾಚೆ ನಿಂತರು. ಗಂಡನ ಕೆಲಸ ಉಳಿಯಿತೆಂದು ಸತ್ಯವ್ವ ಆಸೆಯಿಂದ ಎದ್ದಳು.

“ಇಕ್ಕಳ ಹಿಡೀಲಿಕ್ಕೆ ಬೆರಳ ಬೇಕಲ್ಲೋ ಹುಲಗಪ್ಪ,” ಎಂದರು ರಾಯರು. “ನಿನ್ನ ತಮ್ಮನ್ನ ನಾಳಿಂದ ಕಳಸು.”

“ಇವರ ಕೈ ಸುಟ್ಟದ್ದು ಸಾಲ್ಲಿಲ್ಲೇನ್ರಿ?” ಎಂದು ಸತ್ಯವ್ವ ಉರಿದೆದ್ದಳು.

ಹುಲಗಪ್ಪ ಅವಳನ್ನು ಸುಮ್ಮನಿರಿಸಿದ. ಒಲೆ ಉರಿಯಬೇಕಲ್ಲ. ರಾಯರು ಹೋದ ಮೇಲೆ ತಮ್ಮ ಯಂಕಣ್ಣನನ್ನು ಹತ್ತಿರ ಕರೆದ.

“ಹೋಗು ಯಂಕ್ಯಾ. ಕರ್ರಗಾದದ್ದನ್ನ ನಂಬಬ್ಯಾಡ. ನೀರ ಕೇಳು. ಕೊಡೂ ತನಕಾ ಕೇಳು. ನನ್ನಂಗ ಮಾನ ಮರ್ಯಾದಿ ಅಂತ ಕುಂದ್ರಬ್ಯಾಡ.”

ಯಂಕಣ್ಣ ಹೂಂ ಎಂದ. ಕೈ ಸುಟ್ಟ ದಿನ ಹುಲಗಪ್ಪ ಚೀರಿದ್ದನೇ ಹೊರತು ಅತ್ತಿರಲಿಲ್ಲ. ಇಷ್ಟು ಹೇಳಿ ಗೋಡೆಗೆ ಮುಖ ಮಾಡಿ ಅತ್ತ.