ಚಮಚ ಕೆಳಗಿಟ್ಟು ಓಡುವ ಮುದುಕ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಮಧ್ಯಾಹ್ನದ ಹೊತ್ತು ಟಿವಿಯಲ್ಲಿ ಒಂದು ಕಾರ್ಟೂನ್ ಬರುತ್ತಿತ್ತು. ಮೃಗಾಲಯ ನೋಡಿಕೊಳ್ಳುವ ಒಬ್ಬ ಮುದುಕನ ಕಥೆ. ಅವನು ಸೂಪು ಕುಡಿಯಲು ಚಮಚ ಎತ್ತಿದನೋ ಇಲ್ಲವೋ, ಗಂಟೆ ಹೊಡೆಯುತ್ತದೆ. ಆನೆಗೆ ಸ್ನಾನ ಆಗಬೇಕು, ಮಂಗಗಳ ಜಗಳ ಬಿಡಿಸಬೇಕು, ಕೊನೆಗೆ ಮ್ಯಾನೇಜರನಿಂದ ಬೈಗುಳ. ಡೈರಿ ಬರೆಯುವ ಹುಚ್ಚು ನನಗೆ ಆಗಲೇ ಹಿಡಿದಿತ್ತು. ಚಮಚ ಅವನ ಬಾಯಿಗೆ ಮುಟ್ಟಿದ ದಿನ ತಾರೀಕು ಹಾಕಿ ಒಂದು ಗೆರೆ ಎಳೆಯೋಣವೆಂದು ಒಂದು ಪುಟ ಬಿಟ್ಟಿದ್ದೆ. ಆ ಪುಟ ಖಾಲಿಯೇ ಉಳಿಯಿತು.

ನಾವಿದ್ದದ್ದು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಕಟ್ಟಡದ ನೆಲಮಹಡಿಯಲ್ಲಿ. ಅಮ್ಮ ನರ್ಸು. ಪಪ್ಪಾ ಅದೇ ಕಟ್ಟಡದ ನಾತೂರ್. ಅಂದರೆ ಕಾವಲು, ನೀರು, ಲಿಫ್ಟು, ಏಸಿ, ಬಾಡಿಗೆದಾರರ ಮುನಿಸು, ಎಲ್ಲಕ್ಕೂ ಒಬ್ಬನೇ ಮನುಷ್ಯ. ಅಲ್ಲಿ ಊರಿಗೆಲ್ಲ ವಾರದ ರಜೆಯಾದ ಶುಕ್ರವಾರ ಪಪ್ಪಾನಿಗೂ ರಜೆ ಎಂದು ಕಾಂಟ್ರಾಕ್ಟಿನಲ್ಲಿತ್ತು. ಕಾಂಟ್ರಾಕ್ಟು ಕಪಾಟಿನಲ್ಲಿತ್ತು.

ಒಂದು ಶುಕ್ರವಾರ ಸಂಜೆ ಚರ್ಚಿನ ಪೂಜೆಯಲ್ಲಿ ಬೈಬಲ್ ವಾಚನ ಓದುವ ಸರದಿ ಮೊದಲ ಸಲ ನನಗೆ ಬಂತು. ವಾರವಿಡೀ ನನ್ನಿಂದ ಓದಿಸಿ ಕೇಳಿದ್ದ ಪಪ್ಪಾ, ಮುಂದಿನ ಸಾಲಿನಲ್ಲೇ ಕೂರುತ್ತೇನೆ ಎಂದಿದ್ದರು.

ಅಂದು ಮಧ್ಯಾಹ್ನವೇ ಮೂರನೇ ಮಹಡಿಯ ಧಾರವಾಡದ ಆಂಟಿಯ ಏಸಿ ಕೆಟ್ಟಿತು. ಪಪ್ಪಾ ಏಣಿ ಹೊತ್ತು ಮೇಲೆ ಹೋದರು. ಆಂಟಿ ಮಗನನ್ನು ಕರೆದುಕೊಂಡು ತಂಪಿಗೆಂದು ನಮ್ಮ ಮನೆಗೆ ಇಳಿದು ಬಂದರು. ಟಿವಿಯಲ್ಲಿ ಮುದುಕ ಚಮಚ ಕೆಳಗಿಟ್ಟು ಓಡುತ್ತಿದ್ದ.

"ಪಾಪ, ಎಷ್ಟ್ ದುಡಸ್ತಾರ ನೋಡ್ರಿ ಅವನ್ನ! ಒಂದ್ ತುತ್ತು ಉಣ್ಣಾಕ ಬಿಡಂಗಿಲ್ಲ," ಎನ್ನುತ್ತ ಆಂಟಿ ನಮ್ಮ ಬಾಳೆಕಾಯಿ ಚಿಪ್ಸನ್ನು ಮುಷ್ಟಿ ತುಂಬಿಕೊಂಡರು.

"ಸೋ ಅನ್‌ಫೇರ್, ಮಮ್ಮಿ," ಎಂದ ಮಗ.

"ಅವನು ರಜೆ ಕೇಳುವುದೇ ಇಲ್ಲವಲ್ಲ ಆಂಟಿ," ಎಂದೆ ನಾನು.

"ಕೇಳಿದ್ರ ಕೊಡೋ ಮಂದಿ ಬೇಕಲ್ಲವಾ! ಆ ಮ್ಯಾನೇಜರ್‌ಗ ಮನುಷ್ಯತ್ವನ ಇಲ್ಲ."

ಅಡುಗೆಮನೆಯಿಂದ ಅಮ್ಮ, "ಮೇಲೆ ಸಹ ಒಂದು ಕಾರ್ಟೂನ್ ನಡೀತಾ ಉಂಟು ಮಾರಾಯ್ರೆ," ಎಂದರು.

"ಹೌದೇನ್ರಿ? ಯಾವ ಚಾನಲ್‌ನ್ಯಾಗ?"

ಅಮ್ಮ ಒಗ್ಗರಣೆ ಹಾಕಿದರು. ಸದ್ದು ಸ್ವಲ್ಪ ಜಾಸ್ತಿಯೇ ಆಯಿತು.

ಸಂಜೆ ಪಪ್ಪಾ ಇಳಿದು ಬಂದು, ಸ್ನಾನ ಮುಗಿಸಿ, ಒಳಗೆ ಬಿಳಿ ಶರ್ಟು ಹಾಕಿಕೊಳ್ಳುತ್ತಿದ್ದಾಗ ಬೆಲ್ ಆಯಿತು. ಅಮ್ಮ ಬಾಗಿಲನ್ನು ಅರ್ಧ ತೆರೆದರು. ಅದೇ ಆಂಟಿ.

"ಏಸಿ ಮತ್ತ ಸೋರಾಕತ್ತೈತ್ರಿ. ರಾತ್ರಿ ಊಟಕ್ಕ ಮಂದಿ ಬರೋರದಾರ."

"ಅವರಿಲ್ಲ. ಚರ್ಚಿಗೆ ಹೋದ್ರು," ಎಂದರು ಅಮ್ಮ. ಅಮ್ಮ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚೆನ್ನಾಗಿಯೇ ಹೇಳಿದರು.

ಒಳಗಿನಿಂದ ಪಪ್ಪಾನ ದನಿ ಬಂತು: "ಇದ್ದೇನೆ, ಇದ್ದೇನೆ! ಬಂದೆ ಮೇಡಂ, ಎರಡೇ ನಿಮಿಷ!"

ಮಧ್ಯಾಹ್ನ ಟಿವಿಯ ಮ್ಯಾನೇಜರನನ್ನು ನೋಡಿದ ಹಾಗೆಯೇ ಆಂಟಿ ಅಮ್ಮನನ್ನು ನೋಡಿ ಮೇಲೆ ಹೋದರು.

"ಬಾಯಿ ಮುಚ್ಚಿಕೊಂಡು ಕೂತಿದ್ರೆ ನಿಮ್ಮದೇನು ಹೋಗ್ತಿತ್ತು?" ಎಂದರು ಅಮ್ಮ.

"ನೀರು ಸೋರ್ತಾ ಉಂಟಂತಲ್ಲ. ನೀವು ಹೋಗಿ, ನಾನು ಹಿಂದಿನಿಂದ ಬರ್ತೇನೆ." ಪಪ್ಪಾ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲೇ ಏಣಿಯನ್ನು ಹೆಗಲಿಗೇರಿಸಿದರು. ಮುಖದಲ್ಲಿ ನಗು ಬೇರೆ!

ಆ ಮುದುಕನಿಗೆ ಅನ್ಯಾಯವಾಗುತ್ತಿತ್ತೇ ಎಂದು ಕೇಳಿದರೆ, ಖಂಡಿತ ಆಗುತ್ತಿತ್ತು. ಆದರೆ ಅನ್ಯಾಯ ಮಾಡುವವರಿಗೆ ಅದೇನು ದೊಡ್ಡ ಶ್ರಮದ ಕೆಲಸವಲ್ಲ. ಅವರು ಬೆಲ್ ಒತ್ತಿದರೆ ಸಾಕು. ಉಳಿದದ್ದನ್ನು ಪಪ್ಪಾನಂಥವರೇ ಮಾಡಿಕೊಡುತ್ತಾರೆ. ಬಿಡುವಾದಾಗ ಸೋಫಾದಲ್ಲಿ ಕೂತು ಯಾವುದೋ ಬಣ್ಣದ ಗೊಂಬೆಗಾಗಿ ಮರುಗಿದರೆ ಆ ದಿನದ ಮನುಷ್ಯತ್ವವೂ ಮುಗಿಯಿತು.

ಚರ್ಚು ತುಂಬಿತ್ತು. ಜನ ಗೋಡೆಗೊರಗಿ ನಿಂತಿದ್ದರು. ಅಮ್ಮ ಮುಂದಿನ ಸಾಲಿನಲ್ಲಿ ಪಕ್ಕದ ಜಾಗಕ್ಕೆ ಬ್ಯಾಗು ಇಟ್ಟು, ಕೇಳಿದವರಿಗೆಲ್ಲ "ಜನ ಇದ್ದಾರೆ" ಎನ್ನುತ್ತಿದ್ದರು. ನಾನು ಮೈಕಿನ ಮುಂದೆ ನಿಂತು ಓದಿದೆ. ಒಂದು ಉಚ್ಚಾರವೂ ತಪ್ಪಲಿಲ್ಲ. ಓದು ಮುಗಿಸಿ ತಲೆಯೆತ್ತಿದಾಗ ಬ್ಯಾಗು ಅಮ್ಮನ ತೊಡೆಯ ಮೇಲಿತ್ತು. ಆ ಜಾಗದಲ್ಲಿ ಯಾರೋ ಕೂತಿದ್ದರು.