ಆರು ಗಂಟೆ ಬಸ್ಸಿನ ನಾಲ್ಕು ಸಾಲು

2016ರ ಜೂನ್ ತಿಂಗಳ ಎರಡನೇ ಬುಧವಾರ, ಮಧ್ಯಾಹ್ನ ಮೂರು ಗಂಟೆ ಸುಮಾರಿಗೆ, ಮಂಡ್ಯದ ಒಂದು ದಿನಪತ್ರಿಕೆಯ ಕಚೇರಿಯಲ್ಲಿ, ಪ್ರಕಟವಾಗಬೇಕಿದ್ದ ನಾಲ್ಕು ಸಾಲಿನ ಸುದ್ದಿಯೊಂದನ್ನು ನಾನು ತಡೆದಿಟ್ಟೆ. ಪುಟದಲ್ಲಿ ಜಾಗವಿತ್ತು. ಆ ಸುದ್ದಿ ಒಬ್ಬ ಹೆಂಗಸಿನ ಕಣ್ಣಿಗೆ ಬೀಳಬಾರದು ಎಂದು ತಡೆದಿಟ್ಟೆ. ಮಾರನೆಯ ದಿನ ಅದೇ ಹೆಂಗಸು ಅದೇ ವಿಷಯವನ್ನು ಫೋನಿನಲ್ಲಿ ಕೇಳಿದಾಗ, ಒಂದೇ ಪದದಲ್ಲಿ ಸುಳ್ಳು ಹೇಳಿದೆ.

ಇದನ್ನು ಇಲ್ಲಿಯವರೆಗೆ ನನ್ನ ಗಂಡನಿಗೂ ಹೇಳಿರಲಿಲ್ಲ. ಹೆಸರುಗಳನ್ನು ಬದಲಿಸಿದ್ದೇನೆ. ವೇಳೆ, ಬಸ್ಸು, ಆಡಿದ ಮಾತು — ಇವನ್ನು ಬದಲಿಸಿಲ್ಲ.

ನಾನು ಆಗ ಆ ಪತ್ರಿಕೆಯಲ್ಲಿ ಉಪಸಂಪಾದಕಿ. ಮಗಳಿಗೆ ಏಳು ತಿಂಗಳು. ನನ್ನ ಗಂಡ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ನೌಕರ. ಪಾಳಿ ಇದ್ದ ದಿನ ಅಲ್ಲಿನ ಕ್ವಾರ್ಟರ್ಸಿನಲ್ಲೇ ಉಳಿಯುತ್ತಿದ್ದರು. ಮಗು ನೋಡಿಕೊಳ್ಳುತ್ತಿದ್ದ ನನ್ನ ಅಮ್ಮ, ತಂಗಿಯ ಹೆರಿಗೆಗೆಂದು ತಿಂಗಳ ನಡುವೆ ಹೊರಡುವವರಿದ್ದರು. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ನಾನು ಬರದಿದ್ದರೆ ನನ್ನ ಕುರ್ಚಿ ಬೇರೆಯವರಿಗೆ ಎಂದು ಸಂಪಾದಕರು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದ್ದರು. ಮಂಡ್ಯದಲ್ಲೇ ಇಬ್ಬರು ಆಯಾಗಳನ್ನು ಇಟ್ಟುಕೊಂಡು ನೋಡಿದ್ದೆ. ಒಬ್ಬಾಕೆ ಹನ್ನೊಂದನೇ ದಿನ ಹೇಳದೆ ಕೆಲಸ ಬಿಟ್ಟಳು. ಇನ್ನೊಬ್ಬಳು ಮಗು ಅತ್ತಷ್ಟೂ ಹೊತ್ತು ಫೋನು ನೋಡುತ್ತ ಕೂತಿರುತ್ತಿದ್ದಳು.

ಪುಟ್ಟತಾಯಮ್ಮನವರನ್ನು ನಾನು ನೋಡಿದ್ದು ಮಳವಳ್ಳಿಯಲ್ಲಿ, ಗಂಡನ ಪರಿಚಯದ ಒಬ್ಬ ಮೇಷ್ಟರ ಮನೆಯಲ್ಲಿ. ಆ ಮೇಷ್ಟರ ಇಬ್ಬರು ಮಕ್ಕಳನ್ನು ಅವರೇ ನೋಡಿಕೊಳ್ಳುತ್ತಿದ್ದರು. ನಾವು ಹೋದ ದಿನ ನನ್ನ ಮಗಳು ಹಟ ಹಿಡಿದು ಅಳುತ್ತಿದ್ದಳು. ಅವರು ಬಂದು, ಯಾರನ್ನೂ ಕೇಳದೆ ಎತ್ತಿಕೊಂಡು, ಹಿತ್ತಲಿಗೆ ಹೋಗಿ ಎಮ್ಮೆ ತೋರಿಸಿದರು. ಅಳು ನಿಂತಿತು. ಕಾಫಿ ಕುಡಿದ ಆ ಮನೆಯಲ್ಲೇ, ಮೇಷ್ಟರ ಹೆಂಡತಿ ಒಳಗೆ ಹೋದ ಹೊತ್ತು ನೋಡಿ, ಪುಟ್ಟತಾಯಮ್ಮನವರ ಫೋನ್ ನಂಬರು ಕೇಳಿ ಇಟ್ಟುಕೊಂಡೆ. ಅದೂ ತಪ್ಪೇ — ಆದರೆ ಅದು ಚಿಕ್ಕದು.

ಮೇಷ್ಟರು ಕೊಡುತ್ತಿದ್ದುದರ ಎರಡರಷ್ಟು ಸಂಬಳ ಕೊಡುತ್ತೇನೆಂದೆ. ಪುಟ್ಟತಾಯಮ್ಮನವರ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಪವಿತ್ರ ಎಂಬ ಒಬ್ಬಳೇ ಮಗಳು, ಹದಿಮೂರು ವರ್ಷ, ಎಂಟನೇ ಕ್ಲಾಸು. ಮನೆಯಲ್ಲಿ ಇಬ್ಬರೇ. ಅವರ ಊರು ಮಳವಳ್ಳಿಗೆ ಹತ್ತಿರ. ಮುಖ್ಯ ರಸ್ತೆಯ ಕೈಮರದಿಂದ ಎರಡು ಕಿಲೋಮೀಟರ್ ಒಳಗೆ. ಮೇಷ್ಟರ ಮನೆಗೆ ಆಟೋದಲ್ಲಿ ಹತ್ತು ನಿಮಿಷ. ನಮ್ಮ ಮನೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ — ಅದೂ ನೇರ ಬಸ್ಸು ಸಿಕ್ಕಿದರೆ.

ಒಂದು ಭಾನುವಾರ ತಾಯಿ ಮಗಳು ಇಬ್ಬರೂ ಮನೆ ನೋಡಲು ಬಂದರು. ಪುಟ್ಟತಾಯಮ್ಮ ಕುರ್ಚಿ ಬೇಡವೆಂದು ಬಾಗಿಲ ಹತ್ತಿರ ನೆಲದ ಮೇಲೆ ಕೂತು, ನನ್ನ ಮಗಳನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತ, ಗಂಟೆಗಳ ಲೆಕ್ಕ ಹಾಕಿದರು. ಬೆಳಿಗ್ಗೆ ಆರು ಹತ್ತಕ್ಕೆ ಊರಿಂದ ಬಸ್ಸು. ಸಾಯಂಕಾಲ ಆರಕ್ಕೆ ಮಂಡ್ಯ ಬಿಡುವ ಖಾಸಗಿ ಬಸ್ಸು ಅವರ ಊರೊಳಗೇ ಹೋಗುತ್ತಿತ್ತು, ಏಳೂವರೆಗೆ ಮನೆ. ಅಲ್ಲಿಯವರೆಗೆ ಪಕ್ಕದ ಮನೆಯ ಅಜ್ಜಿ ಹುಡುಗಿಯನ್ನು ನೋಡಿಕೊಳ್ಳುತ್ತದೆ. ಏಳೂವರೆ ಮೇಲೆ ಅಜ್ಜಿ ಉಂಡು ಮಲಗಿಬಿಡುತ್ತದೆ.

ಪವಿತ್ರ ನಮ್ಮ ಮನೆಯ ಟಿ.ವಿ.ಯನ್ನೇ ನೋಡುತ್ತಿದ್ದವಳು ತಿರುಗಿ ತಾಯಿಗೆ ಹೇಳಿದಳು: "ಈ ಪಾಪು ತಲೆಗೆ ಎಣ್ಣೆ ಒತ್ತಕ್ಕೆ ಮಂಡ್ಯಗಂಟ ಬತ್ತೀಯ. ನನ್ ತಲೆ ಬಾಚಕ್ಕೆ ನಿಂಗೆ ಪುರ್ಸೊತ್ತಿಲ್ಲ."

"ನಿನ್ ತಲೆ ಬಾಚ್ತಾ ಕುಂತ್ರೆ ನಿಂಗೆ ಫೀಸು ಯಾರೇ ಕಟ್ಟಾರು," ಅಂದರು ತಾಯಿ. ಮಗಳು ನಕ್ಕಳು. ತಾಯಿ ನಗಲಿಲ್ಲ.

ಒಪ್ಪಿಗೆ ಹೇಳದೆ ಎದ್ದರು. ಯೋಚಿಸಿ ಗುರುವಾರ ಫೋನು ಮಾಡುತ್ತೇನೆಂದರು. ದುಡ್ಡಿನ ಬಗ್ಗೆ ಅವರಿಗೆ ಯಾವ ಅನುಮಾನವೂ ಇರಲಿಲ್ಲ. ಅದು ಒಳ್ಳೆಯ ಸಂಬಳವೆಂದು ಇಬ್ಬರಿಗೂ ಗೊತ್ತಿತ್ತು. ಆರು ಗಂಟೆ ಬಸ್ಸೊಂದೇ ಅವರ ಪ್ರಶ್ನೆ. ಆ ಬಸ್ಸು ಇದ್ದರೆ ಕತ್ತಲಾದ ಮೇಲೆ ಹುಡುಗಿ ಒಂಟಿಯಲ್ಲ. ಇಲ್ಲದಿದ್ದರೆ ಮದ್ದೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಕೈಮರದಲ್ಲಿ ಇಳಿದು, ನಡೆದು — ಒಂಬತ್ತಾಗುತ್ತದೆ. ಇದನ್ನು ಅವರೇ ನನಗೆ ಬಿಡಿಸಿ ಹೇಳಿದ್ದರು. ನನಗೆ ತಿಳಿದಿರಲಿಲ್ಲ ಎನ್ನಲು ಬರುವುದಿಲ್ಲ.

ಬುಧವಾರ ನಾನು ಕಚೇರಿಯಲ್ಲಿದ್ದೆ. ರಜೆ ಮುಗಿಯುವ ಮೊದಲೇ, ನನ್ನ ಜಾಗ ನನ್ನದೇ ಎಂದು ತೋರಿಸಲು, ಅರ್ಧ ದಿನ ಬಂದು ಕೂರುತ್ತಿದ್ದೆ. ನನ್ನ ಪಾಲಿಗೆ ಇದ್ದದ್ದು ಮೂರನೇ ಪುಟದ ಚುಟುಕು ಸುದ್ದಿಗಳ ಅಂಕಣ. ಕರೆಂಟು ಇಲ್ಲದ ಊರುಗಳು, ಸಂಘದ ಸಭೆ, ನಾಲೆಗೆ ನೀರು ಬಿಡುವ ದಿನ, ಬಸ್ಸಿನ ವೇಳೆ. ನಮ್ಮಲ್ಲಿ ಒಂದು ಪದ್ಧತಿಯಿತ್ತು: ಪುಟದಲ್ಲಿ ಹಿಡಿಸದೆ ಉಳಿದ ಸುದ್ದಿಯ ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 'ನಾಳೆಗೆ' ಎಂದು ಬರೆದು ಮೇಜಿನ ಮೇಲಿನ ತಟ್ಟೆಯಲ್ಲಿ ಇಡುವುದು. ಮರುದಿನ ಬಂದವರು ಮೊದಲು ಆ ತಟ್ಟೆ ನೋಡಬೇಕು. ಯಾಕೆ ಉಳಿಯಿತೆಂದು ಯಾರೂ ಕೇಳುವುದಿಲ್ಲ.

ಆ ದಿನ ಬಸ್ಸಿನ ಮಾಲೀಕರು ತಾವೇ ಬಂದು ಒಂದು ಚೀಟಿ ಕೊಟ್ಟು ಹೋದರು. ಜುಲೈ ಒಂದರಿಂದ ಸಾಯಂಕಾಲ ಆರು ಗಂಟೆಯ ಮಂಡ್ಯ–ಮಳವಳ್ಳಿ ಬಸ್ಸನ್ನು ನಿಲ್ಲಿಸಲಾಗುವುದು, ಪ್ರಯಾಣಿಕರು ಗಮನಿಸಬೇಕು. ಜನರಿಗೆ ತೊಂದರೆಯಾಗಬಾರದು, ಮೂರು ವಾರ ಮೊದಲೇ ಹೇಳುತ್ತಿದ್ದೇನೆ ಎಂದರು. ಅವರ ಕಡೆಯಿಂದ ತಪ್ಪೇನೂ ಇರಲಿಲ್ಲ. ನಾನು ಅದನ್ನು ನಾಲ್ಕು ಸಾಲಿಗೆ ಇಳಿಸಿದೆ. ಚೆನ್ನಾಗಿಯೇ ಬರೆದೆ.

ಮೇಷ್ಟರ ಮನೆಗೆ ನಮ್ಮ ಪತ್ರಿಕೆ ಬರುತ್ತಿತ್ತು. ಮಕ್ಕಳು ಮಲಗಿದ ಮೇಲೆ ಪುಟ್ಟತಾಯಮ್ಮ ಅದನ್ನು ಮೊದಲ ಪುಟದಿಂದ ಕೊನೆಯವರೆಗೆ, ಬೆರಳಿಟ್ಟು ಓದುತ್ತಿದ್ದರು. ಇದನ್ನು ನನಗೆ ಹೇಳಿದ್ದೂ ಅವರೇ, ಸ್ವಲ್ಪ ಹೆಮ್ಮೆಯಿಂದ.

ಚೀಟಿಯ ಮೂಲೆಯಲ್ಲಿ 'ನಾಳೆಗೆ' ಎಂದು ಬರೆದೆ. ಅದರ ಜಾಗಕ್ಕೆ ಒಂದು ಕ್ರೀಡಾಕೂಟದ ಸುದ್ದಿ ಹಾಕಿದೆ. ಅದು ಎರಡು ದಿನ ಕಾಯಬಹುದಾಗಿದ್ದ ಸುದ್ದಿ.

ಗುರುವಾರ ಬೆಳಿಗ್ಗೆ ಫೋನು ಬಂತು. ಅವರ ಮಾತು ನನಗೆ ಅಕ್ಷರಶಃ ನೆನಪಿದೆ. "ಎಲ್ಲಾ ಸರಿ ಕಣಮ್ಮ. ಆ ಆರ್ ಗಂಟೆ ಬಸ್ಸೊಂದೇ ನಂಗೆ ಯೋಚ್ನೆ. ನೀವು ಪೇಪರ್ನೋರು, ನಿಮ್ಗೆ ತಿಳೀದೆ ಇರದಿಲ್ಲ. ಅದು ಇರ್ತದೆ ಅಂತ ಒಂದ್ ಮಾತು ಏಳ್ಬುಡಿ, ಬತ್ತೀನಿ."

"ಇರುತ್ತೆ," ಅಂದೆ.

ಜೂನ್ ಹದಿನೈದರಂದು ಅವರು ಕೆಲಸಕ್ಕೆ ಬಂದರು. ಮೇಷ್ಟರು ಆ ವಾರವೇ ಬೇರೆಯವರನ್ನು ಗೊತ್ತುಮಾಡಿಕೊಂಡರು. ಆ ವಿಷಯ ಕಿವಿಗೆ ಬಿದ್ದ ಮೇಲೂ ನಾನು ಮೂರು ಸಲ ಆ ಚೀಟಿಯ ಮೇಲೆ 'ನಾಳೆಗೆ' ಬರೆದೆ. ಸುದ್ದಿ ಅಚ್ಚಾದದ್ದು ತಿಂಗಳ ಇಪ್ಪತ್ತೆಂಟಕ್ಕೆ. ಆ ದಿನದ ಪತ್ರಿಕೆಯನ್ನು ಮನೆಯಲ್ಲಿ ಬೀರುವಿನ ಮೇಲೆ ಎಸೆದೆ — ಅದು ಅಲ್ಲೇ ಇತ್ತು, ಬಹಳ ದಿನ.

ಜುಲೈ ಒಂದರ ಸಾಯಂಕಾಲ ಆರೂ ನಲವತ್ತಕ್ಕೆ ಬಸ್‌ಸ್ಟ್ಯಾಂಡಿನಿಂದ ಅವರ ಫೋನು. "ಬಸ್ಸು ಬರ್ನೇ ಇಲ್ಲ ಕಣಮ್ಮ."

"ಹೌದಾ?" ಅಂದೆ. ಆಶ್ಚರ್ಯ ಬರುವ ಹಾಗೆ ಅಂದೆ.

ಆಗಲೂ ಸರಿಪಡಿಸಲು ದಾರಿಯಿತ್ತು. ನಾಲ್ಕೂವರೆಗೆ ಬಿಟ್ಟರೆ ಮದ್ದೂರಿನಲ್ಲಿ ಹೊಂದಿಕೊಳ್ಳುವ ಬಸ್ಸೊಂದು ಸಿಗುತ್ತದೆ ಎಂದು ಅವರು ವಿಚಾರಿಸಿಕೊಂಡು ಬಂದು ಕೇಳಿದರು. ನನಗೆ ಐದಕ್ಕೆ ಮೀಟಿಂಗು ಇರುತ್ತಿತ್ತು. ನೋಡೋಣ, ಸ್ವಲ್ಪ ದಿನ ಹೋಗಲಿ ಎಂದೆ. ಸಂಪಾದಕರನ್ನು ನಾನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಒಪ್ಪುತ್ತಿದ್ದರೋ ಏನೋ — ಕೇಳದೆ ಇದ್ದವಳಿಗೆ ಅದನ್ನು ಊಹಿಸುವ ಹಕ್ಕೂ ಇಲ್ಲ.

ಪುಟ್ಟತಾಯಮ್ಮ ಮೇಷ್ಟರ ಮನೆಗೆ ಹೋಗಿ ಮತ್ತೆ ಕೆಲಸ ಕೇಳಿದ್ದರಂತೆ. ಇಟ್ಟುಕೊಂಡವಳನ್ನು ಹೇಗೆ ಬಿಡಿಸುವುದು ಎಂದರಂತೆ ಮೇಷ್ಟರು. ಹಾಗಾಗಿ ನಮ್ಮ ಮನೆಯ ಕೆಲಸದಲ್ಲೇ ಉಳಿದರು. ಒಟ್ಟು ಮೂರು ವರ್ಷ ಒಂಬತ್ತು ತಿಂಗಳು. ನನ್ನ ಮಗಳು ನಡೆದದ್ದು, ಮಾತು ಕಲಿತದ್ದು ಅವರ ಕೈಯಲ್ಲಿ. ಇವತ್ತಿಗೂ ಅವಳ ಬಾಯಲ್ಲಿ 'ಬತ್ತೀನಿ', 'ಓಯ್ತೀನಿ' ಬಂದುಬಿಡುತ್ತದೆ.

ಆ ಮೂರು ವರ್ಷ ಒಂಬತ್ತು ತಿಂಗಳು ಇನ್ನೊಂದು ಮನೆಯಲ್ಲಿ ಏನಾಯಿತೆಂದು ಪುಟ್ಟತಾಯಮ್ಮ ಆಗಾಗ ತುಂಡು ತುಂಡಾಗಿ ಹೇಳುತ್ತಿದ್ದರು. ನಾನು ಬೇರೇನೋ ಮಾಡುತ್ತ ಕೇಳಿಸಿಕೊಳ್ಳುತ್ತಿದ್ದೆ. ಪವಿತ್ರ ಶಾಲೆಯಿಂದ ಬಂದು ಅನ್ನ ಮಾಡಿಟ್ಟು, ಬಾಗಿಲು ಹಾಕಿಕೊಂಡು, ಟಿ.ವಿ. ಜೋರಾಗಿಟ್ಟು ಕೂರುತ್ತಿದ್ದಳು — ಒಳಗೆ ಗಂಡಸರಿದ್ದಾರೆ ಎಂದು ಹೊರಗಿನವರಿಗೆ ಅನ್ನಿಸಲಿ ಎಂದು. ಎರಡು ಸಲ ಯಾರೋ ಬಾಗಿಲು ಬಡಿದು ಹೋದರು. ಯಾರೆಂದು ಗೊತ್ತಾಗಲಿಲ್ಲ. ಊರಲ್ಲಿ ಬಡಿದವನ ಬಗ್ಗೆ ಮಾತು ಬರಲಿಲ್ಲ; ಹುಡುಗಿಯ ಬಗ್ಗೆ ಬಂತು.

ವರ್ಷದೊಳಗೆ ಕೊತ್ತತ್ತಿಯಲ್ಲಿದ್ದ ಪುಟ್ಟತಾಯಮ್ಮನವರ ತಮ್ಮ ಬಂದು ಪವಿತ್ರಳನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಅಲ್ಲಿಯೂ ಶಾಲೆಗೆ ಸೇರಿಸಿದರು. ಆದರೆ ಆ ಮನೆಯಲ್ಲಿ ಹಸುಗಳಿದ್ದವು, ಚಿಕ್ಕ ಮಕ್ಕಳಿದ್ದರು, ನಾಲೆ ಬಯಲಿನ ಗದ್ದೆಯ ಕೆಲಸವಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಪವಿತ್ರ ಕೂರಲೇ ಇಲ್ಲ.

2020ರ ಫೆಬ್ರವರಿಯಲ್ಲಿ ಪುಟ್ಟತಾಯಮ್ಮ ನನ್ನ ಕೈಗೆ ಲಗ್ನಪತ್ರಿಕೆ ಕೊಟ್ಟರು. ತಮ್ಮನ ಹೆಂಡತಿಯ ಕಡೆಯ ಹುಡುಗ, ತಮ್ಮನೇ ಮಾತಾಡಿ ಮುಗಿಸಿದ್ದ. ಪವಿತ್ರಳಿಗೆ ಹದಿನೇಳು ತುಂಬಿರಲಿಲ್ಲ. ತಾಯಿಗೆ ಇಷ್ಟವಿರಲಿಲ್ಲ ಎಂದು ಅವರ ಕೈಯೇ ಹೇಳುತ್ತಿತ್ತು — ಕೊಟ್ಟ ಪತ್ರಿಕೆಯನ್ನು ಬಿಡದೆ ಹಿಡಿದುಕೊಂಡಿದ್ದರು.

"ಸಾಕ್ದೋನು ಅವ್ನು. ಬ್ಯಾಡ ಅನ್ನಕ್ಕೆ ನಾನು ಯಾವ ಮಕ ಇಟ್ಕಂಡ್ ಓಗ್ಲಿ," ಅಂದರು.

ಅಂಥ ಮದುವೆ ನಿಲ್ಲಿಸಿದ ಅಧಿಕಾರಿಗಳ ಸುದ್ದಿಯನ್ನು ನಾನು ಎಷ್ಟೋ ಸಲ ತಿದ್ದಿ, ತಲೆಬರಹ ಕೊಟ್ಟು ಪುಟಕ್ಕೆ ಹಾಕಿದ್ದೇನೆ. ಯಾವ ನಂಬರಿಗೆ ಫೋನು ಮಾಡಬೇಕೆಂದು ಗೊತ್ತಿತ್ತು. ಮಾಡಲಿಲ್ಲ. ಮಾಡಿದರೆ ಅಧಿಕಾರಿಗಳು ಬರುತ್ತಾರೆ, ಹುಡುಗಿ ತಾಯಿಯ ಮನೆಗೆ ವಾಪಸು ಬರುತ್ತಾಳೆ, ತಾಯಿ ಮನೆಯಲ್ಲಿ ಇರಬೇಕಾಗುತ್ತದೆ, ನನ್ನ ಮಗಳನ್ನು — ಇಷ್ಟೂ ಯೋಚನೆ, ಲಗ್ನಪತ್ರಿಕೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಬಂದು ಹೋಯಿತು. ಒಂದು ಸೀರೆ ಕೊಟ್ಟು ಕಳಿಸಿದೆ.

ಮದುವೆಯಾದ ಮುಂದಿನ ತಿಂಗಳು ಲಾಕ್‌ಡೌನ್ ಬಂತು. ಬಸ್ಸುಗಳೆಲ್ಲ ನಿಂತವು. ಪುಟ್ಟತಾಯಮ್ಮ ಬರುವುದು ಅಲ್ಲಿಗೆ ನಿಂತಿತು.

ನಾನು ಕೆಟ್ಟವಳಲ್ಲ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಬಸ್ಸು ನಿಲ್ಲಿಸಿದ್ದು ನಾನಲ್ಲ. ಬಾಗಿಲು ಬಡಿದದ್ದು ನಾನಲ್ಲ. ಮದುವೆ ಮಾತಾಡಿದ್ದು ನಾನಲ್ಲ. ಇವೆಲ್ಲ ನಿಜ. ಆದರೆ ಆ ಗುರುವಾರ ಬೆಳಿಗ್ಗೆ ತಕ್ಕಡಿ ಅವರ ಕೈಯಲ್ಲಿತ್ತು. ಒಂದು ಕಡೆ ಸಂಬಳ, ಇನ್ನೊಂದು ಕಡೆ ದಾರಿ. ಹೊತ್ತುಗೊತ್ತು ನೋಡಿ, ಮಗಳನ್ನು ನೋಡಿ, ತೂಗಿ ತೀರ್ಮಾನಿಸುವ ಶಕ್ತಿ ಅವರಿಗೆ ಪೂರ್ತಿ ಇತ್ತು. ತೂಗಬೇಕಾದ ಒಂದು ಸಂಗತಿಯನ್ನು ನಾನು ಕದ್ದಿಟ್ಟುಕೊಂಡಿದ್ದೆ. ಅದು ಗೊತ್ತಿದ್ದರೆ ಅವರು ಬರುತ್ತಿರಲಿಲ್ಲ. ಇದರಲ್ಲಿ ನನಗೆ ಸಂಶಯವಿಲ್ಲ. ಸಂಶಯವಿದ್ದಿದ್ದರೆ ನಾನು ಬಚ್ಚಿಡುತ್ತಲೇ ಇರಲಿಲ್ಲ.

ಹೋದ ತಿಂಗಳು ಒಂದು ಗುರುವಾರ ಅವರ ಊರಿಗೆ ಹೋದೆ. ಕೈಮರದಲ್ಲಿ ಇಳಿದು ಆ ಎರಡು ಕಿಲೋಮೀಟರ್ ನಡೆದೆ. ಸಾಯಂಕಾಲ ಆರಾಗಿತ್ತು. ಪುಟ್ಟತಾಯಮ್ಮ ಜಗಲಿಯಲ್ಲಿ ಮೂರು ವರ್ಷದ ಹೆಣ್ಣು ಮಗುವಿಗೆ ಉಣಿಸುತ್ತಿದ್ದರು, ಪವಿತ್ರಳ ಮಗು. ಗಂಡನ ಮನೆ ಬಿಟ್ಟು ಪವಿತ್ರ ವಾಪಸು ಬಂದು ಎರಡು ವರ್ಷವಾಯಿತಂತೆ. ಯಾಕೆಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಮೊದಲು ನನ್ನ ಮಗಳನ್ನೇ ವಿಚಾರಿಸಿದರು: ಎಷ್ಟು ಎತ್ತರ, ಈಗಲೂ ತಟ್ಟೆಯಲ್ಲಿ ಸೊಪ್ಪು ಬಿಡುತ್ತಾಳೋ ಹೇಗೆ.

ನಾನು ಹೇಳಿದೆ. ಚೀಟಿ, ಕೆಂಪು ಶಾಯಿ, ಬುಧವಾರ, ಗುರುವಾರ, ಎಲ್ಲ. ಕ್ರಮವಾಗಿ ಹೇಳಿದೆ, ಬೇರೆ ಥರ ಹೇಳಲು ನನಗೆ ಬರುವುದಿಲ್ಲ. ಅವರು ಮಗುವಿನ ಬಾಯಿ ಒರೆಸಿದರು.

"ಎಷ್ಟ್ ಸಾಲು ಅದು?"

"ನಾಲ್ಕು."

"ನಾಕ್ ಸಾಲು ಆಕಕ್ಕೆ ಜಾಗ ಇರ್ನಿಲ್ವಾ?"

"ಇತ್ತು."

ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನೀರಿನ ಸದ್ದು ಕೇಳಿಸಿತು. ಹೊರಗೆ ಬಂದು ಮತ್ತೆ ಕೂತರು. ಬೈಯಲಿಲ್ಲ, ಅಳಲಿಲ್ಲ, ಹೋಗಲಿ ಬಿಡಿ ಎಂದೂ ಅನ್ನಲಿಲ್ಲ. ಇದನ್ನು ಬರೆಯುತ್ತೇನೆ, ನೀವು ಬೇಡವೆಂದರೆ ಇಲ್ಲ ಎಂದೆ.

"ಆವತ್ತೇ ಆಕ್ಬೇಕಿತ್ತು. ಈಗ್ಲಾದ್ರೂ ಆಕಿ," ಅಂದರು.

ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಯಿತು. ಪವಿತ್ರಳಿಗೂ ನಾನೇ ಹೇಳಬೇಕೆಂದು ಬಂದಿದ್ದೆ. ಎಷ್ಟು ಹೊತ್ತಿಗೆ ಬರುತ್ತಾಳೆಂದು ಕೇಳಿದೆ. ಪವಿತ್ರ ಈಗ ಮಂಡ್ಯದ ಒಂದು ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಆರು ಹತ್ತರ ಬಸ್ಸು. ಸಾಯಂಕಾಲ ಮದ್ದೂರಿನಲ್ಲಿ ಇಳಿದು ಇನ್ನೊಂದು ಬಸ್ಸು.

ಕೊನೆಯ ಬಸ್ಸಿಗೆ ನಾನು ಅಲ್ಲಿಂದ ಎದ್ದಾಗ ಎಂಟು ಹತ್ತು. ಅವಳು ಇನ್ನೂ ಬಂದಿರಲಿಲ್ಲ.