ಎಂಬತ್ತಮೂರನೇ ನಂಬರಿನ ವ್ಯಾನು

ಗಾಳಿ ಏಳುವ ಮೊದಲೇ ಕೆಲಸ ಮುಗಿಯಬೇಕು. ಗಾಳಿ ಎದ್ದರೆ ಕೆಂಪು ಧೂಳು ಏಳುತ್ತದೆ, ಅದು ನೇರ ಬಂದು ಒದ್ದೆಯಾಗಿರುವುದರ ಮೇಲೆಯೇ ಕೂರುತ್ತದೆ. ಹಾಗಾಗಿ ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಿನಲ್ಲಿ ಮರ್ವ್ ಪೆಂಗೆಲ್ಲಿ ಅಡುಗೆಮನೆಯ ಕಿಟಕಿ ಮುಚ್ಚಿ, ಅಂಗೈಯುದ್ದದ ಮಾದರಿ ರೈಲು ವ್ಯಾನೊಂದನ್ನು ಮುಂದಿಟ್ಟುಕೊಂಡು, ಉಸಿರು ಬಿಗಿಹಿಡಿದು ಕುಳಿತಿದ್ದಾರೆ. ಮೈಲಿಗಲ್ಲಿಗೂ ಸಿಗ್ನಲ್ ಕಂಬಕ್ಕೂ ಅಗಲ ಬ್ರಷ್ಷಿನಲ್ಲಿ ಬಣ್ಣ ಬಳಿದು ಮುದಿಯಾದ ಕೈ ಅದು. ಸಣ್ಣ ಕುಂಚ ಹಿಡಿಯಲು ಈಗ ಕಲಿಯುತ್ತಿದೆ, ಅದೂ ಒಲ್ಲದ ಮನಸ್ಸಿನಿಂದ.

“ಮೊದಲ್ನೇ ಸಲ ಕಂಬಕ್ಕೆ ಬಳಿಯೋ ಹಾಗೇ ಬಳಿದ್ಬಿಟ್ಟೆ. ದಪ್ಪಗೆ ಎರಡು ಕೋಟು. ಬಾಗ್ಲು ಯಾವ್ದು, ಕಿಟ್ಕಿ ಯಾವ್ದು, ಒಂದೂ ಗೊತ್ತಾಗ್ಲಿಲ್ಲ. ಮೇಲಿಂದ ಕಾಕಂಬಿ ಸುರಿದಂಗಿತ್ತು” ಎಂದು ನಗುತ್ತಾರೆ. ಎಲ್ಲವನ್ನೂ ಕೆರೆದು ತೆಗೆದು ಮತ್ತೆ ತೆಳ್ಳಗೆ ಬಳಿದಿದ್ದಾರೆ.

ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಕೂಂಡಾಲಾ ಎಂಬ, ಗಾಡಿಗಳು ಪಕ್ಕದ ಹಳಿಗೆ ಸರಿದು ನಿಲ್ಲುವ ಈ ರೈಲು ಸೈಡಿಂಗಿನಲ್ಲಿ ಈಗ ಇರುವವರು ಮರ್ವ್ ಒಬ್ಬರೇ. ಬಿಸಿಲೇರುವ ಮುನ್ನ ಹಳಿಯುದ್ದಕ್ಕೂ ನಡೆದು ಬಿರುಕು ನೋಡುತ್ತಾರೆ, ಹಳಿಗಳು ಕೂಡುವಲ್ಲಿ ತುಂಬಿಕೊಂಡ ಮರಳು ಗುಡಿಸುತ್ತಾರೆ. ಗೂಡ್ಸ್ ಗಾಡಿಗಳು ಸೀಟಿ ಹಾಕಿ ಹೋಗುತ್ತವೆ. ಯಾರೂ ಇಳಿಯುವುದಿಲ್ಲ. ಮಾತಾಡದೆ ಮಾತಾಡದೆ ತಮ್ಮ ದನಿ ತಮಗೇ ಹೊಸದಾಗಿ ಕೇಳಿಸುತ್ತದೆ ಎನ್ನುತ್ತಾರೆ ಅವರು.

ಹಿಂದೆ ಹೀಗಿರಲಿಲ್ಲ. ಹಳಿ ರಿಪೇರಿಯ ಗ್ಯಾಂಗಿನಲ್ಲಿ ಆರು ಜನರಿದ್ದರು. ಸೈಡಿಂಗಿನಲ್ಲಿ ನಿಂತಿದ್ದ ಎಂಬತ್ತಮೂರನೇ ನಂಬರಿನ ವ್ಯಾನು, ಅಂದರೆ ಕೂಲಿಯವರ ರೈಲು ಡಬ್ಬಿಯೇ ಅವರಿಗೆ ಮನೆ. ಅಲ್ಲೇ ಕುರಿ ಮಾಂಸ ಬೇಯಿಸಿ, ಅಲ್ಲೇ ಇಸ್ಪೀಟಾಡಿ, ಜಗಳವಾಡಿ, ಅಲ್ಲೇ ಮಲಗುತ್ತಿದ್ದರು. ಯಂತ್ರಗಳು ಬಂದವು, ಗ್ಯಾಂಗು ಚದುರಿತು. ಮೂವರು ತೀರಿಕೊಂಡರು, ಇಬ್ಬರು ಎಲ್ಲಿದ್ದಾರೋ ಗೊತ್ತಿಲ್ಲ. ವ್ಯಾನು ಗುಜರಿಗೆ ಹೋಯಿತು.

“ಒಂದು ಬಾಗ್ಲಾದ್ರೂ ಕೊಡ್ರಪ್ಪಾ ಅಂತ ಕೇಳ್ದೆ. ನಾನು ಕೇಳೋ ಹೊತ್ಗೆ ಕರಗಿಸಿಯೂ ಆಗಿತ್ತು. ನಮ್ಮ ಹತ್ರ ಅದರದ್ದೊಂದು ಫೋಟೋನೂ ಇಲ್ಲ. ಮನೇನ ಯಾರು ಫೋಟೋ ತೆಗೀತಾರೆ?”

ಆಟಿಕೆ ರೈಲಿನ ಕಂಪನಿಗಳು ಇಂಜಿನ್ನುಗಳನ್ನು ಮಾಡುತ್ತವೆ. ಕೂಲಿಯವರು ಮಲಗುವ ವ್ಯಾನು ಯಾರಿಗೆ ಬೇಕು? ಮರ್ವ್ ಬೇರೆ ಯಾವುದೋ ವ್ಯಾನಿನ ಮಾದರಿಯನ್ನು ಕೊಯ್ದು, ಅಂಟಿಸಿ, ನೆನಪಿನಿಂದಲೇ ತಮ್ಮದನ್ನು ಮಾಡಿಕೊಂಡಿದ್ದಾರೆ. ವಾರಕ್ಕೊಮ್ಮೆ ದಿನಸಿ ತರುವ ಗ್ಲೆನಿಸ್ ಹಾರ್ಟ್‌ವಿಗ್ ಪಟ್ಟಣದ ಮಾದರಿ ರೈಲು ಕ್ಲಬ್ಬಿನವರು. ಈಸ್ಟರ್ ಪ್ರದರ್ಶನದಲ್ಲಿ ಇದನ್ನೂ ಓಡಿಸಬಹುದೆಂದು ಮಾತು ಕೊಟ್ಟು, ನಂಬರಿನ ಡೆಕಾಲ್ ಅಚ್ಚು ಹಾಕಿಸಿ ತಂದಿದ್ದರು. ನೀರಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಕೂರಿಸುವ ತೆಳು ಪೊರೆ ಅದು. ಒಂದೊಂದು ಬದಿಗೆ ಒಂದೊಂದು. ಅಚ್ಚು ಹಾಕುವ ಮುದುಕ ಅಷ್ಟಕ್ಕೇ ಅಂಗಡಿ ಮುಚ್ಚಿದ್ದರಿಂದ ಮೂರನೆಯದು ಸಿಗುವಂತಿಲ್ಲ.

ಮೊದಲನೆಯದನ್ನು ಮರ್ವ್ ಬೋರ್ ನೀರಿಗೆ ಅದ್ದಿದರು. ಕೂಂಡಾಲಾದಲ್ಲಿ ಬಾಳಿದ ಯಾರೇ ಆದರೂ ಅದನ್ನೇ ಮಾಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ನಂಬರಿನ ಅಡಿಯಲ್ಲಿ ಬಿಳಿ ಉಪ್ಪು ಹೂ ಬಿಟ್ಟಿತ್ತು.

ಮುಂದಿನ ಸಲ ದಿನಸಿ ತಂದಾಗ ಅದನ್ನು ನೋಡಿ ಗ್ಲೆನಿಸ್ ಹಣೆ ಚಚ್ಚಿಕೊಂಡರು. “ಅಯ್ಯೋ ಮಾರಾಯಾ, ಬೋರ್ ನೀರಾ? ಇದೇನು ಚಡ್ಡಿ ಒಗಿಯೋ ಕೆಲ್ಸ ಅಂದ್ಕೊಂಡ್ಯಾ?”

“ಮಳೆ ತೊಟ್ಟಿ ನೀರು ಟೀಗೆ ಕಣೇ. ಬೇರೆ ಯಾತಕ್ಕೂ ಮುಟ್ಟಲ್ಲ ಅಂತ ನಿಂಗೊತ್ತಿಲ್ವಾ?”

“ಗೊತ್ತಿಲ್ದೆ ಏನು! ನಂಗೂ ಅರ್ಧ ಕಪ್ಪೇ ಕೊಡ್ತೀಯಲ್ಲ, ಜಿಪುಣ.”

ಮಳೆ ಬಂದು ಎಷ್ಟೋ ಕಾಲವಾಗಿದೆ. ತೊಟ್ಟಿಯ ನಲ್ಲಿ ಈಗ ತೊಟ್ಟಿಕ್ಕುತ್ತದೆ ಅಷ್ಟೆ. ಇವತ್ತು ಬೆಳಗಿನ ಟೀಗೆಂದು ಹಿಡಿದ ನೀರನ್ನು ಮರ್ವ್ ಒಲೆಯ ಮೇಲಿಡದೆ ತಟ್ಟೆಗೆ ಸುರಿದಿದ್ದಾರೆ. ಅದರಲ್ಲಿ ಕೊನೆಯ ಡೆಕಾಲ್ ತೇಲುತ್ತಿದೆ. ಕಾಗದ ಸಡಿಲವಾಗುತ್ತದೆ. ಒದ್ದೆ ಕುಂಚದ ತುದಿಯಿಂದ ಅವರು ಅದನ್ನು ವ್ಯಾನಿನ ಮೈಮೇಲೆ ಜಾರಿಸುತ್ತಾರೆ. ಓರೆಯಾಗುತ್ತದೆ. ಬೈದುಕೊಳ್ಳುತ್ತಾರೆ. ಇನ್ನೊಂದು ಹನಿ ಬಿಟ್ಟು ಮೆಲ್ಲಗೆ ತಳ್ಳುತ್ತಾರೆ, ಬಟ್ಟೆಯ ಮೂಲೆಯಿಂದ ಒತ್ತುತ್ತಾರೆ. ಎಂಟು, ಮೂರು. ಕೂತಿತು. ಹಳಿಯ ಕೆಲಸ ಮುಗಿಸಿ ಮರಳಿ ಬಂದು ನೋಡಿದಾಗಲೂ ಉಪ್ಪಿನ ಸುಳಿವಿಲ್ಲ.

ಪ್ರದರ್ಶನದ ಮೇಜಿನಲ್ಲಿ ನೋಡುವವರು ಮುಂದೆ, ಓಡಿಸುವವರು ಹಿಂದೆ. ಕೆಟ್ಟ ಬದಿಯನ್ನು ಹಿಂದಕ್ಕೆ ತಿರುಗಿಸಿದರಾಯಿತು, ಅದನ್ನು ಯಾರೂ ನೋಡುವುದಿಲ್ಲ ಎಂದು ಗ್ಲೆನಿಸ್ ಸಮಾಧಾನ ಹೇಳಿದ್ದಾರೆ. ಮರ್ವ್‌ಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ.

“ಹಿಂದ್ಗಡೆ ನಾನಿರ್ತೀನಲ್ಲ. ನಾನು ನೋಡ್ತೀನಿ. ಉಪ್ಪು ಹಿಡಿದ ಆ ಕಡೇನೇ ನಿಜವಾದ್ದು, ನಾವಿದ್ದಾಗ ಅದು ಹಂಗೇ ಇತ್ತು.” ವ್ಯಾನನ್ನು ಒಳ್ಳೆಯ ಬದಿಗೆ ತಿರುಗಿಸುತ್ತಾ ಹೇಳುತ್ತಾರೆ: “ಬಹುಮಾನ ಗಿಹುಮಾನ ಬೇಡ. ಮುಂದ್ಗಡೆಯಿಂದ ಯಾರಾದ್ರೂ ಒಬ್ರು ಆ ನಂಬರ್ ಓದ್ಬೇಕು. ಓದಿ, ಇದ್ರಲ್ಲಿ ಯಾರ್ಯಾರಿದ್ರು ಅಂತ ಕೇಳ್ಬೇಕು. ಆರೂ ಹೆಸರು ನಾಲಿಗೆ ತುದೀಲೇ ಇಟ್ಕೊಂಡಿದೀನಿ.”